ಐದು ಮೇಜಿನ ಪರೀಕ್ಷೆ

ನಮ್ಮ ಮ್ಯಾನೇಜರನಿಗೆ ನಾವು ಇಟ್ಟಿದ್ದ ಹೆಸರು ಸರಾಸರಿ. ಹೆಸರು ಹುಡುಕುವ ಕಷ್ಟವೇನೂ ನಮಗಾಗಲಿಲ್ಲ, ದಿನಕ್ಕೆ ಮೂವತ್ತು ಸಲ ಆ ಪದ ಬಳಸಿ ಅವನೇ ನಮ್ಮ ಕೆಲಸ ಹಗುರ ಮಾಡಿದ್ದ. ಊಟದ ಕೋಣೆಯಲ್ಲಿ ಕುರ್ಚಿ ಸಾಲುತ್ತಿಲ್ಲ ಎಂದರೆ, “ಇಡೀ ದಿನದ ಸರಾಸರಿ ತಗೊಂಡ್ರೆ ಅರ್ಧಕ್ಕರ್ಧ ಕುರ್ಚಿ ಖಾಲಿ ಇರುತ್ತೆ ನೋಡಿ” ಅನ್ನುವ ಆಸಾಮಿ. ಮಧ್ಯಾಹ್ನ ಒಂದು ಗಂಟೆಗೆ ಡಬ್ಬಿ ಹಿಡಿದು ನಿಂತವನು ಸಂಜೆ ನಾಲ್ಕರ ಖಾಲಿ ಕುರ್ಚಿಯ ಮೇಲೆ ಹೇಗೆ ಕೂರಬೇಕು ಸ್ವಾಮಿ ಎಂದು ಅವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗೋಡೆಗೆ ಒರಗಿ ನಿಂತು ಊಟ ಮುಗಿಸಿ, ಕೈ ತೊಳೆದುಕೊಂಡು ನನ್ನ ಕೋಣೆಗೆ ಹೋದೆ.

ನಮ್ಮದು ಲಿಫ್ಟ್ ರಿಪೇರಿ ಮಾಡುವ ಕಂಪನಿ. ಊರಲ್ಲಿ ಎಲ್ಲೇ ಲಿಫ್ಟ್ ಸಿಕ್ಕಿಹಾಕಿಕೊಂಡರೂ ಅದರೊಳಗಿನ ಫೋನು ಬಂದು ಮೊಳಗುವುದು ನಮ್ಮ ಹಜಾರದಲ್ಲಿ. ಅಲ್ಲಿ ನೂರಿಪ್ಪತ್ತು ಮೇಜು, ನೂರಿಪ್ಪತ್ತು ಜನ. ಕರೆ ಬಂದ ಕೂಡಲೇ ಅದು ಯಾವ ಕಟ್ಟಡ, ಮೋಟಾರು ಕೋಣೆಯ ಕೀಲಿ ಯಾರ ಹತ್ತಿರ ಇದೆ, ಹತ್ತಿರದ ಮೆಕ್ಯಾನಿಕ್ ಎಲ್ಲಿದ್ದಾನೆ ಎಂದು ಕಂಪ್ಯೂಟರಿನಲ್ಲಿ ನೋಡಿ ಕಳಿಸಬೇಕು. ಆ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ಅವು ಎಷ್ಟು ಹಳೆಯವಾಗಿದ್ದವೆಂದರೆ ವಾರಕ್ಕೆ ಮೂರು ನಾಲ್ಕು ಸಾಯುತ್ತಿದ್ದವು. ಸತ್ತದ್ದರ ಒಳಗಿಂದ ಬಿಡಿಭಾಗ ಕಿತ್ತು ಸಾಯಲಿರುವುದಕ್ಕೆ ಹಾಕುವುದೇ ನನಗೆ ಕೆಲಸವಾಗಿತ್ತು.

ಆ ಹಜಾರದಲ್ಲಿ ಕಿಟಕಿಯಿಂದ ಎರಡನೇ ಮೇಜು ನಮ್ಮ ಅತ್ತೆಯದು. ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಆಫೀಸಿನಲ್ಲಿ ಎಲ್ಲರಿಗೂ ಅವರು ಲಿಫ್ಟಮ್ಮ. ಹದಿನಾಲ್ಕು ವರ್ಷ ಎಂಟು ತಿಂಗಳಿಂದ ಅದೇ ಕುರ್ಚಿ, ವರ್ಷವರ್ಷವೂ ಕಾಂಟ್ರಾಕ್ಟು. ಹದಿನೈದು ತುಂಬಿದವರಿಗೆ ಕಂಪನಿ ಸಾಯುವವರೆಗೂ ಪಿಂಚಣಿ ಕೊಡುತ್ತದೆ, ಒಂದು ದಿನ ಕಮ್ಮಿಯಾದರೆ ಒಂದು ಹೂಗುಚ್ಛ. ಮಾವನವರು ದರ್ಜಿ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಬಿಟ್ಟು ಎರಡು ವರ್ಷವಾಗಿತ್ತು. ಆ ಮನೆ ಮುಂದೆ ನಡೆಯಬೇಕಾದದ್ದು ಅತ್ತೆಯ ಇನ್ನು ನಾಲ್ಕೇ ನಾಲ್ಕು ತಿಂಗಳ ಮೇಲೆ.

ಹಳೇ ಕಂಪ್ಯೂಟರುಗಳ ಸಾವು ನೋಡಲಾರದೆ ಸರಾಸರಿ ಕೊನೆಗೂ ಹೊಸ ವ್ಯವಸ್ಥೆಗೆ ಒಪ್ಪಿದ. ಅದೇ ವರ್ಚುವಲ್ ಡೆಸ್ಕ್‌ಟಾಪ್. ಮೇಜಿನ ಮೇಲೆ ಅಂಗೈಯಗಲದ ಒಂದು ಡಬ್ಬಿ, ಒಂದು ಸ್ಕ್ರೀನು, ಕೀಬೋರ್ಡು, ಅಷ್ಟೇ. ನಿಜವಾದ ಕಂಪ್ಯೂಟರು ಅಲ್ಲಿ ಇರುವುದೇ ಇಲ್ಲ. ನೂರಿಪ್ಪತ್ತು ಕಂಪ್ಯೂಟರುಗಳೂ ನನ್ನ ಕೋಣೆಯ ನಾಲ್ಕು ಸರ್ವರುಗಳ ಒಳಗೆ ಬೆಳಿಗ್ಗೆ ಹುಟ್ಟಿ ಸಂಜೆ ಸಾಯುತ್ತವೆ. ಒಳ್ಳೆಯ ಯೋಚನೆಯೇ. ಅಗ್ಗ, ರಿಪೇರಿ ಸುಲಭ, ಮೇಜಿನಿಂದ ಮೇಜಿಗೆ ಸ್ಕ್ರೂಡ್ರೈವರ್ ಹಿಡಿದು ತೆವಳುವ ನನ್ನ ಕರ್ಮವೂ ತಪ್ಪುತ್ತಿತ್ತು. ಒಂದೇ ತೊಡಕು, ಆ ನೂರಿಪ್ಪತ್ತೂ ಏಳುವಾಗ ಒಂದೇ ಕಡೆಯಿಂದ ಓದಿಕೊಳ್ಳಬೇಕು. ಎಲ್ಲರ ಸಾಮಾನೂ ಇರುವುದು ಒಂದೇ ಡಿಸ್ಕಿನ ಪೆಟ್ಟಿಗೆಯಲ್ಲಿ.

ಆ ಪೆಟ್ಟಿಗೆ ಮಾರಲು ಬಂದವನಿಗೆ ನಾವು ಇಟ್ಟ ಹೆಸರು ಹಲ್ಲು. ಅವನ ಮುಖದಲ್ಲಿ ಹಲ್ಲು ಬಿಟ್ಟು ಬೇರೇನೂ ನನಗೆ ನೆನಪಿಲ್ಲ. ಮೂರು ಆಯ್ಕೆ ತಂದಿದ್ದ. ಪೂರ್ತಿ ವೇಗದ ಡಿಸ್ಕು, ದುಬಾರಿ. ಪೂರ್ತಿ ತಿರುಗುವ ಹಳೇ ಥರದ ಡಿಸ್ಕು, ಅಗ್ಗ, ಆದರೆ ನಿಧಾನ, ಜಾಗ ಮಾತ್ರ ಬೇಕಾದ್ದಕ್ಕಿಂತ ಹತ್ತು ಪಟ್ಟು. ಮೂರನೆಯದು ಬೆರಕೆ: ಎಲ್ಲ ಕಂಪ್ಯೂಟರುಗಳೂ ಬೆಳಿಗ್ಗೆ ಏಳಲು ಓದಿಕೊಳ್ಳುವ ಮೂಲಪ್ರತಿಗೆ ಮಾತ್ರ ಒಂದಿಷ್ಟು ವೇಗದ ಡಿಸ್ಕು, ಮಿಕ್ಕದ್ದಕ್ಕೆ ಅಗ್ಗದ್ದು. ತಲೆಯಲ್ಲಿ ಒಂದು ಚಮಚ ಮಿದುಳಿರುವ ಯಾರಿಗೇ ಆದರೂ ಮೂರನೆಯದೇ ಬೇಕು ಎಂದು ಗೊತ್ತಾಗುತ್ತಿತ್ತು. ಬೆಲೆ ಎರಡನೆಯದಕ್ಕಿಂತ ನೂರಕ್ಕೆ ಹದಿನೈದು ಹೆಚ್ಚು, ಅಷ್ಟೇ.

“ಸಾರ್, ಅಗ್ಗದ್ದು ಅಂದ್ರೆ ದೊಡ್ಡ ಗೋದಾಮಿಗೆ ಒಂದೇ ಒಂದು ಕಿರುಬಾಗಿಲು ಇಟ್ಟ ಹಾಗೆ. ಒಂಬತ್ತು ಗಂಟೆಗೆ ನೂರಿಪ್ಪತ್ತು ಜನ ಅದರಲ್ಲೇ ನುಗ್ಬೇಕು” ಎಂದೆ.

“ಒಂಬತ್ತು ಗಂಟೆ ಒಂದೇ ಯಾಕೆ ನೋಡ್ತೀರಿ? ಇಡೀ ದಿನ ನೋಡಿ” ಎಂದ ಸರಾಸರಿ. ಹಲ್ಲು ತಟಕ್ಕನೆ ಒಂದು ಹಾಳೆ ಮುಂದೆ ತಳ್ಳಿದ. ಹನ್ನೊಂದರಿಂದ ಐದರವರೆಗೆ ನಮ್ಮ ಕಂಪ್ಯೂಟರುಗಳು ಡಿಸ್ಕಿನಿಂದ ಎಷ್ಟು ಓದುತ್ತವೆ, ಅದಕ್ಕೆ ಎಷ್ಟು ಬರೆಯುತ್ತವೆ, ಅದರ ಸರಾಸರಿ. ಅಗ್ಗದ ಪೆಟ್ಟಿಗೆ ಅದರ ಎರಡು ಪಟ್ಟು ತಡೆಯುತ್ತದಂತೆ. ಸರಾಸರಿಯ ಮುಖ ಅರಳಿತು. ಅವನ ಭಾಷೆ ಮಾತಾಡುವ ಮನುಷ್ಯ ಕೊನೆಗೂ ಸಿಕ್ಕಿದ್ದ.

“ಮಿಕ್ಕ ಜಾಗ ಮುಂದಕ್ಕಾಗುತ್ತೆ ಸಾರ್” ಎಂದು ಹಲ್ಲು ಬೆಣ್ಣೆ ಹಚ್ಚಿದ. “ನೀವು ದೂರದೃಷ್ಟಿ ಇರೋರು.”

ಥೂ! ಅಲ್ಲೇ ಎದ್ದು ಹೋಗಬೇಕಿತ್ತು. ಹೋಗದೆ ಕೂತು ಬಿಸ್ಕತ್ತು ತಿಂದೆ.

ಪೆಟ್ಟಿಗೆ ಬಂತು, ಕೂರಿಸಿದೆ, ಡಬ್ಬಿಗಳನ್ನು ಮೇಜುಗಳಿಗೆ ಹಂಚಿದೆ. ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ನೂರಿಪ್ಪತ್ತೂ ಮೇಜಿನಲ್ಲಿ ಒಟ್ಟಿಗೆ ಲಾಗಿನ್ ಮಾಡಿಸಿ ನೋಡೋಣ ಎಂದೆ. ಕೆಲಸದ ಹೊತ್ತಿನಲ್ಲಿ ಜನರಿಗೆ ತೊಂದರೆ ಕೊಡಬಾರದು ಎಂದ ಸರಾಸರಿ. ಹಾಗಾಗಿ ಹನ್ನೊಂದೂವರೆಗೆ, ಅಂದು ರಜೆ ಹಾಕಿದ್ದವರ ಐದು ಮೇಜಿನಲ್ಲಿ ಪರೀಕ್ಷೆ. ನಲವತ್ತು ಸೆಕೆಂಡಿಗೆ ಐದೂ ಎದ್ದು ನಿಂತವು. ಹಲ್ಲು ಚಪ್ಪಾಳೆ ತಟ್ಟಿದ. ಐದು ಮೇಜು ಎದ್ದರೆ ನೂರಿಪ್ಪತ್ತೂ ಏಳುತ್ತದೆ ಎಂದು ನಂಬುವವನು ಒಬ್ಬನನ್ನು ಹೆಗಲ ಮೇಲೆ ಹೊತ್ತು ನೋಡಿ ಇಡೀ ಮೆರವಣಿಗೆ ಹೊರಲು ಹೊರಟವನು. ಇದನ್ನು ನಾನು ಮನಸ್ಸಿನಲ್ಲೇ ಅಂದುಕೊಂಡೆ.

‘ಪರೀಕ್ಷೆ ತೃಪ್ತಿಕರ’ ಎಂದು ಅಚ್ಚಾಗಿದ್ದ ಹಾಳೆಯ ಕೆಳಗೆ ನನ್ನ ಸಹಿ ಬೇಕಾಗಿತ್ತು. ನೂರಿಪ್ಪತ್ತು ಮೇಜಿಗೆ ಎಂದು ಅದರಲ್ಲಿ ಬರೆದಿತ್ತು, ಐದು ಎಂದಲ್ಲ. ಹಿಂದಿನ ದಿನವಷ್ಟೇ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡಿದ್ದೆ, ತಲೆ ಹೋದರೂ ಸಹಿ ಹಾಕುವುದಿಲ್ಲ ಅಂತ. ತಲೆ ಹೋಗುವ ಪ್ರಸಂಗವೇ ಬರಲಿಲ್ಲ. ಸರಾಸರಿ ಪೆನ್ನು ಕೊಟ್ಟ, ತೆಗೆದುಕೊಂಡೆ, ಹಾಕಿದೆ.

ಈಗ ನಮ್ಮಲ್ಲಿನ ಒಂದು ಪದ್ಧತಿ ಹೇಳಬೇಕು. ಮುಂಚೆ ಹಾಜರಿಗೆ ಬಾಗಿಲಲ್ಲಿ ಒಂದು ಪುಸ್ತಕ ಇತ್ತು. ಜನ ಒಬ್ಬರ ಸಹಿ ಇನ್ನೊಬ್ಬರು ಹಾಕುತ್ತಾರೆ ಎಂದು ಸರಾಸರಿ ಅದನ್ನು ಕಿತ್ತುಹಾಕಿದ್ದ. ಕಂಪ್ಯೂಟರಿನ ಸ್ಕ್ರೀನು ಪೂರ್ತಿ ತೆರೆದುಕೊಂಡ ನಿಮಿಷವೇ ಹಾಜರಿ. ಎಂಟು ಐವತ್ತಕ್ಕಿಂತ ಮುಂಚೆ ಲಾಗಿನ್ ಬಿಡುವುದಿಲ್ಲ, ಬೇಗ ಬಂದೆ ಅಂತ ಯಾರೂ ಹೆಚ್ಚು ಹೊತ್ತಿನ ಲೆಕ್ಕ ತೋರಿಸಬಾರದಲ್ಲ! ಒಂಬತ್ತು ದಾಟಿದರೆ ತಡ. ಅಂದರೆ ನೂರಿಪ್ಪತ್ತು ಜನರನ್ನು ಒಂದೇ ಹತ್ತು ನಿಮಿಷದ ಸಂದಿಯಲ್ಲಿ ಅವನೇ ಕೈಯಾರೆ ತುರುಕಿಟ್ಟಿದ್ದ. ಅದರ ಮೇಲೆ, ಲಿಫ್ಟುಗಳು ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವ ಹೊತ್ತೂ ಅದೇ, ಊರಿನ ಆಫೀಸುಗಳೆಲ್ಲ ತೆರೆಯುವ ಹೊತ್ತು.

ಮೊದಲ ಸೋಮವಾರ ನಾನು ಹಜಾರದ ಬಾಗಿಲಲ್ಲಿ ನಿಂತಿದ್ದೆ. ಎಂಟು ಐವತ್ತರಿಂದ ಒಬ್ಬೊಬ್ಬರಾಗಿ ಎಲ್ಲರೂ ಕೀಬೋರ್ಡಿನ ಕೀಲಿ ಒತ್ತಿದರು. ನೂರಿಪ್ಪತ್ತು ಸ್ಕ್ರೀನಿನಲ್ಲೂ ‘ದಯವಿಟ್ಟು ಕಾಯಿರಿ’ ಎಂಬ ಒಂದೇ ಮಾತು. ಒಂಬತ್ತಾಯಿತು, ಒಂಬತ್ತೂ ಹತ್ತಾಯಿತು. ನನ್ನ ಕೋಣೆಯಲ್ಲಿ ಆ ಪೆಟ್ಟಿಗೆ ಗರಗರ ಎಂದು ಒದ್ದಾಡುತ್ತಿತ್ತು. ಫೋನುಗಳು ಮೊಳಗತೊಡಗಿದವು. ಎತ್ತಿದವರು ಏನು ಹೇಳಬೇಕು? ‘ಕಾಯಿರಿ’ ಎಂದರು. ಲಿಫ್ಟಿನೊಳಗೆ ಬೆವರುತ್ತಿದ್ದವರೂ ಕಾದರು.

ಅತ್ತೆ ಒಬ್ಬರೇ ಸ್ಕ್ರೀನಿನ ಕಡೆ ನೋಡಲಿಲ್ಲ. ಮೇಜಿನ ಖಾನೆಯಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಅದರಲ್ಲಿ ಕಟ್ಟಡದ ಹೆಸರು, ಕಾವಲುಗಾರನ ನಂಬರು, ಕೀಲಿ ಎಲ್ಲಿ ನೇತುಹಾಕಿದೆ ಅನ್ನುವುದೂ ಇತ್ತು.

“ಗಾಬರಿ ಮಾಡ್ಕೋಬೇಡಿ ಅಣ್ಣ. ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ನಿಮ್ಮ ಮೀಟರ್ ಪೆಟ್ಟಿಗೆ ಹಿಂದೇನೇ ಕೀಲಿ ಇದೆ, ನಾನು ಕಾವಲಿನವನಿಗೆ ಈಗಲೇ ಹೇಳ್ತೀನಿ. ಏನು, ಪಕ್ಕದಲ್ಲಿ ಅಜ್ಜಿ ಅಳ್ತಿದ್ದಾರಾ? ಫೋನು ಅವರ ಕಿವಿಗೆ ಕೊಡಿ.”

ಪಕ್ಕದ ಮೇಜಿನವಳು, ಮಗುವನ್ನು ಶಾಲೆಗೆ ಬಿಟ್ಟು ಏದುಸಿರು ಬಿಡುತ್ತಾ ಬರುವ ಹೆಂಗಸು, ಕುರ್ಚಿ ಎಳೆದುಕೊಂಡು ಅತ್ತೆಯ ಬಳಿಯೇ ಬಂದು ಕೂತಳು. “ಅಮ್ಮ, ಈ ಮಾರ್ಕೆಟ್ ಕಟ್ಟಡದ್ದು ಹೇಳಿ” ಎಂದು ಅವಳು, “ಲಿಫ್ಟಮ್ಮ, ಆಸ್ಪತ್ರೆ ಹಿಂದಿನದ್ದು” ಎಂದು ಇನ್ನೊಬ್ಬ. ಒಂಬತ್ತೂವರೆಗೆ ಸ್ಕ್ರೀನುಗಳು ಒಂದೊಂದೇ ತೆರೆದವು. ಅಷ್ಟು ಹೊತ್ತಿಗೆ ಅತ್ತೆ ಹದಿನೇಳು ಕರೆ ಮುಗಿಸಿದ್ದರು. ಎಂಟೂವರೆಗೇ ಬಂದು ಕೂತಿದ್ದ ಅವರ ಹೆಸರಿನ ಮುಂದೆ ಕಂಪ್ಯೂಟರು ಬರೆದದ್ದು: ಮೂವತ್ತೆಂಟು ನಿಮಿಷ ತಡ.

ಓಡಿಹೋಗಿ ಸರಾಸರಿಗೆ ಹೇಳಿದೆ. ಸರ್ವರುಗಳನ್ನು ಬೆಳಿಗ್ಗೆ ಏಳಕ್ಕೇ ಎಬ್ಬಿಸಿಟ್ಟರೆ ಅರ್ಧ ಕಷ್ಟ ಹೋಗುತ್ತದೆ ಎಂದೆ. ಕರೆಂಟು ಉಳಿಸಲು ಎಂಟೂವರೆಗೆ ಮುಂಚೆ ಹಚ್ಚಕೂಡದು ಎಂದು ಅವನದೇ ಆದೇಶವಿತ್ತು. “ಖಾಲಿ ಆಫೀಸಿಗೆ ಕರೆಂಟ್ ಯಾಕ್ರೀ?” ಎಂದ. ಹೋಗಲಿ, ಹತ್ತು ಹತ್ತು ಜನ ಸರದಿಯಲ್ಲಿ ಲಾಗಿನ್ ಆಗಲಿ ಎಂದೆ. ಶಿಸ್ತು ಕೆಡುತ್ತದೆ ಎಂದ. ಆಮೇಲೆ ಕನ್ನಡಕ ಏರಿಸಿಕೊಂಡು ನನ್ನನ್ನೇ ನೋಡಿದ.

“ಪರೀಕ್ಷೆ ತೃಪ್ತಿಕರ ಅಂತ ಸಹಿ ಹಾಕಿದ್ದು ನೀವೇ ತಾನೇ?”

ಹೂಂ ಎಂದೆನೋ ಉಹೂಂ ಎಂದೆನೋ ನನಗೇ ತಿಳಿಯಲಿಲ್ಲ. ಬಾಗಿಲು ಮೆಲ್ಲಗೆ ಹಾಕಿಕೊಂಡು ಬಂದೆ.

ಡಿಸ್ಕಿನಲ್ಲಿ ತಪ್ಪಿಲ್ಲವೆಂದ ಮೇಲೆ ತಪ್ಪು ಜನರಲ್ಲೇ ಇರಬೇಕಲ್ಲವೇ? ಮರುದಿನ ಸೂಚನಾ ಫಲಕದಲ್ಲಿ ಒಂದು ಹಾಳೆ ಕಾಣಿಸಿತು. ತಡವಾದ ನಿಮಿಷಗಳ ಸರಾಸರಿ ತೆಗೆಯಲಾಗುವುದು, ಅದನ್ನು ಅತಿ ಹೆಚ್ಚು ಮೀರಿದ ಹನ್ನೆರಡು ಜನರ ಕಾಂಟ್ರಾಕ್ಟು ಮುಂದುವರಿಯದು. ಕೊನೆಯ ಸಾಲು ಇವನ ಇಡೀ ತಲೆಯನ್ನು ಬಿಚ್ಚಿ ತೋರಿಸುವಂತಿತ್ತು: ‘ಎಲ್ಲರೂ ಸರಾಸರಿಗಿಂತ ಕಡಿಮೆ ತಡ ಮಾಡಿದಲ್ಲಿ ಯಾರನ್ನೂ ತೆಗೆಯಲಾಗುವುದಿಲ್ಲ.’ ಅಯ್ಯೋ ಮಹಾರಾಯ! ಎಲ್ಲರೂ ಸರಾಸರಿಗಿಂತ ಕೆಳಗಿರುವ ಗುಂಪನ್ನು ಹುಟ್ಟಿಸಲು ಬ್ರಹ್ಮನಿಗೂ ಆಗುವುದಿಲ್ಲ ಕಣಯ್ಯಾ. ಆ ಹಾಳೆಯ ಮುಂದೆ ನಿಂತು ಜನ ಗಂಭೀರವಾಗಿ ಓದಿಕೊಂಡು ಹೋಗುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೆದರಿಕೆ ಹುಟ್ಟಿದ ಮೇಲೆ ಜನ ಏನು ಮಾಡುತ್ತಾರೆ? ಇನ್ನೂ ಬೇಗ ಬಂದರು, ಕೀಲಿಯ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತ ಕೂತರು, ಎಂಟು ಐವತ್ತರ ಅದೇ ಸೆಕೆಂಡಿಗೆ ಒತ್ತಿದರು. ಮುಂಚೆ ಹತ್ತು ನಿಮಿಷದಲ್ಲಿ ಹಂಚಿಹೋಗುತ್ತಿದ್ದದ್ದು ಈಗ ಒಂದೇ ಏಟಿಗೆ ಪೆಟ್ಟಿಗೆಯ ತಲೆ ಮೇಲೆ ಬಿತ್ತು. ಇನ್ನೂ ನಿಧಾನವಾಯಿತು. ಮೊದಲು ಒತ್ತಿದವರಿಗೆ ಮೊದಲು ತೆರೆಯುತ್ತದೆ ಎಂದು ಯಾರೋ ಕಂಡುಹಿಡಿದರು. ಆಮೇಲಂತೂ ಎಂಟು ಐವತ್ತರ ಹೊತ್ತಿಗೆ ಮೊಳಗುವ ಫೋನನ್ನು ಮುಟ್ಟುವವರೇ ಇಲ್ಲ. ಫೋನೆತ್ತಿದರೆ ಕೈ ಕೀಲಿಯಿಂದ ಸರಿಯಬೇಕಲ್ಲ!

ಎತ್ತುತ್ತಿದ್ದವರು ಅತ್ತೆ. ಫೋನು ಮೊದಲು, ಲಾಗಿನ್ ಆಮೇಲೆ. ಹಾಗಾಗಿ ದಿನವೂ ಕೊನೆಯ ಹಾಜರಿ ಅವರದೇ. ಆ ಹಜಾರದಲ್ಲಿ ಒಂಬತ್ತಕ್ಕೆ ಕೆಲಸ ಮಾಡುತ್ತಿದ್ದವರು ಒಬ್ಬರೇ, ಅತಿ ಹೆಚ್ಚು ತಡವಾದವರೂ ಅವರೇ. ತಿಂಗಳ ಕೊನೆಗೆ ಹನ್ನೆರಡು ಜನರ ಪಟ್ಟಿ ಬಂತು. ಇನ್ನೊಂದು ತಿಂಗಳಲ್ಲಿ ತಿದ್ದಿಕೊಳ್ಳದಿದ್ದರೆ ಮನೆಗೆ. ಮೊದಲ ಹೆಸರು ಅತ್ತೆಯದು.

“ರೀ, ನೀವೊಂದು ಮಾತು ಹೇಳಬಾರದಾ? ನಮ್ಮಮ್ಮ ತಡವಾಗಿ ಹೋಗೋರಾ? ಇಷ್ಟು ವರ್ಷದಲ್ಲಿ ನಾನು ಎದ್ದು ನೋಡೋ ಹೊತ್ತಿಗೆ ಅವರು ಮನೇಲಿದ್ದದ್ದೇ ನೆನಪಿಲ್ಲ ನನಗೆ” ಎಂದಳು ಹೆಂಡತಿ.

“ಹೇಳ್ತೀನಿ” ಎಂದೆ.

“ಯಾವಾಗ?”

“ಹೇಳ್ತೀನಿ ಅಂದ್ನಲ್ಲ!” ಎಂದು ರೇಗಿದೆ. ಹೇಳುವುದೆಂದರೆ ಏನು ಹೇಳುವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಐದು ಮೇಜು ನೋಡಿ ನೂರಿಪ್ಪತ್ತಕ್ಕೆ ಸಹಿ ಹಾಕಿದೆ ಎನ್ನಬೇಕು. ಅದನ್ನು ಹೇಳದೆಯೇ ಅತ್ತೆಯನ್ನು ಉಳಿಸುವ ದಾರಿ ಹುಡುಕಿದೆ. ಸಿಕ್ಕಿತು. ನನ್ನಂಥವರಿಗೆ ಅಂಥ ದಾರಿ ಬೇಗ ಸಿಗುತ್ತದೆ.

ನಾಲ್ಕು ಸರ್ವರುಗಳಲ್ಲಿ ಒಂದು ಮಾತ್ರ ರಾತ್ರಿಯೂ ಆರುತ್ತಿರಲಿಲ್ಲ, ಕರೆಗಳ ದಾಖಲೆ ಇಡಲು ಅದು ಬೇಕಿತ್ತು. ಅದರಲ್ಲಿ ಇನ್ನೊಂದು ಕಂಪ್ಯೂಟರು ತೂರಿಸುವಷ್ಟು ಮಾತ್ರ ಜಾಗವಿತ್ತು. ಅತ್ತೆಯದನ್ನು ಅಲ್ಲಿಗೆ ಸಾಗಿಸಿ, ಸಂಜೆ ಸಾಯಿಸುವ ಪಟ್ಟಿಯಿಂದ ಅದರ ಹೆಸರು ತೆಗೆದೆ. ಉಳಿದವರದು ಬೆಳಿಗ್ಗೆ ಹೊಸದಾಗಿ ಹುಟ್ಟಬೇಕು, ಇವರದು ಹಿಂದಿನ ದಿನ ಹೇಗಿತ್ತೋ ಹಾಗೇ ಕಣ್ಣು ಬಿಟ್ಟುಕೊಂಡು ಕಾಯುತ್ತಿರುತ್ತದೆ. ಮರುದಿನ ಅತ್ತೆ ಎಂಟು ಐವತ್ತಕ್ಕೆ ಮೊದಲ ಕರೆಯ ನಡುವೆಯೇ ಎಡಗೈಯಲ್ಲಿ ಕೀಲಿ ಒತ್ತಿದರು. ಮೂರು ಸೆಕೆಂಡಿಗೆ ಸ್ಕ್ರೀನು ತೆರೆಯಿತು.

ಮಧ್ಯಾಹ್ನ ನನ್ನ ಕೋಣೆಗೆ ಬಂದರು. ಆಫೀಸಿನಲ್ಲಿ ಅವರು ನನ್ನನ್ನು ಎಲ್ಲರ ಹಾಗೆ ಸಾರ್ ಎಂದೇ ಕರೆಯುತ್ತಿದ್ದದ್ದು.

“ಏನ್ ಸಾರ್, ನಂದು ದಿಢೀರ್ ಅಂತ ಬಂತಲ್ಲ? ರಿಪೇರಿ ಆಯ್ತಾ?”

“ಒಂದೊಂದೇ ಸರಿ ಮಾಡ್ತಾ ಬರ್ತಿದ್ದೀನಿ. ನಿಮ್ಮದು ಮೊದಲು” ಎಂದೆ. ಎಷ್ಟು ಸಲೀಸಾಗಿ ಬಂತು ನೋಡಿ ಬಾಯಿಗೆ!

“ಒಳ್ಳೇದಾಯ್ತು. ಹಾಗಾದ್ರೆ ಮುಂದಿನದು ನನ್ನ ಪಕ್ಕದವಳದ್ದು ಮಾಡಿ. ಮಗು ಬಿಟ್ಟು ಓಡ್ಕೊಂಡು ಬರ್ತಾಳೆ ಪಾಪ, ದಿನಾ ಅಳೋ ಹಾಗಾಗಿದ್ದಾಳೆ.”

ಹೂಂ ಎಂದೆ. ವಾರ ಬಿಟ್ಟು ಮತ್ತೆ ಕೇಳಿದರು. “ನಾಳೆ ನಾಡಿದ್ದು” ಎಂದೆ. ಮತ್ತೊಂದು ವಾರಕ್ಕೆ ನಮ್ಮ ಮನೆಗೇ ಬಂದಾಗ ಕೇಳಿದರು. “ಡಿಸ್ಕಿನ ಭಾಗ ಬರಬೇಕು ಅತ್ತೆ, ಆರ್ಡರ್ ಕೊಟ್ಟಿದ್ದೀನಿ” ಎಂದೆ. ಹೆಂಡತಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ನಾನೂ ಒಂದು ಗಳಿಗೆ ಆರ್ಡರ್ ಕೊಟ್ಟವನ ಹಾಗೇ ಬೀಗಿದೆ.

ಎರಡನೇ ತಿಂಗಳು ಮುಗಿದ ಮರುದಿನ, ಬೆಳಿಗ್ಗೆ ಹತ್ತೂವರೆಗೆ ಸರಾಸರಿ ಎಲ್ಲರನ್ನೂ ಹಜಾರದ ನಡುವೆ ನಿಲ್ಲಿಸಿದ. ಕೈಯಲ್ಲಿ ಹೊಸ ಪಟ್ಟಿ. ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡ, ಯಂತ್ರದ ಕಡೆಯ ಸಾಕ್ಷಿಯಾಗಿ.

“ಯಂತ್ರ ಸರಿಯಿಲ್ಲ, ಡಿಸ್ಕ್ ಸರಿಯಿಲ್ಲ ಅಂತ ಎರಡು ತಿಂಗಳಿಂದ ಕೇಳ್ತಾ ಇದ್ದೀನಿ” ಎಂದ. “ಇವತ್ತು ನಿಮಗೆ ಒಬ್ಬರನ್ನ ತೋರಿಸ್ತೀನಿ. ಲಿಫ್ಟಮ್ಮ, ಮುಂದೆ ಬನ್ನಿ.”

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

“ಹೋದ ತಿಂಗಳು ಇವರು ಪಟ್ಟಿಯಲ್ಲಿ ಮೊದಲು. ಈ ತಿಂಗಳು ಎಷ್ಟು ತಡ ಗೊತ್ತಾ? ಸೊನ್ನೆ! ಒಂದೇ ಒಂದು ದಿನ ಕೂಡ ಇಲ್ಲ. ಅದೇ ಸರ್ವರ್, ಅದೇ ಡಿಸ್ಕ್, ಅದೇ ಡಬ್ಬಿ. ಈ ವಯಸ್ಸಿನವರಿಗೆ ಆಗೋದು ನಿಮಗ್ಯಾಕೆ ಆಗಲ್ಲ? ಅಂದ್ರೆ ತಪ್ಪು ಎಲ್ಲಿದೆ? ಯಂತ್ರದಲ್ಲಲ್ಲ, ಮನಸ್ಸಲ್ಲಿದೆ. ಏನ್ರೀ, ಸರಿ ತಾನೇ?” ಎಂದು ನನ್ನ ಕಡೆ ತಿರುಗಿದ.

ನಾನು ಗೋಣು ಹಾಕಿದೆ. ಹೌದು, ಹಾಕಿದೆ. ನೂರಿಪ್ಪತ್ತು ಜನ ನೋಡಿದರು.

ಅವನು ಹನ್ನೆರಡು ಹೆಸರು ಓದಿದ. ಇಂದೇ ಕೊನೆಯ ದಿನ. ಅತ್ತೆ ಖಾಲಿ ಮಾಡಿದ ಜಾಗಕ್ಕೆ ಹನ್ನೆರಡನೆಯವಳಾಗಿ ಬಂದಿದ್ದವಳು ಪಕ್ಕದ ಮೇಜಿನವಳು. ಅವಳು ಅಳಲಿಲ್ಲ. ಅತ್ತೆಯನ್ನು ಒಂದು ಸಲ ನೋಡಿ ತಲೆ ತಗ್ಗಿಸಿದಳು. ಅಮ್ಮ ಅಮ್ಮ ಎಂದು ಹಿಂದೆ ಮುಂದೆ ಸುತ್ತುತ್ತಿದ್ದವಳ ಆ ನೋಟ ನನಗೇ ತಡೆಯಲಾಗಲಿಲ್ಲ, ಅತ್ತೆಗೆ ಹೇಗಾಗಿರಬೇಕು!

ಅತ್ತೆ ಮುಂದೆ ನಿಂತಲ್ಲೇ ಇದ್ದರು. ಮೊದಲು ಅವಳನ್ನು ನೋಡಿದರು, ಆಮೇಲೆ ಸರಾಸರಿಯ ಕೈಲಿದ್ದ ಹಾಳೆಯನ್ನು, ಆಮೇಲೆ ನನ್ನನ್ನು. ಅವರ ಮುಖದಲ್ಲಿ ವಿಷಯ ಒಂದೊಂದಾಗಿ ಕೂಡಿಕೊಳ್ಳುತ್ತಿದ್ದದ್ದು ನನಗೆ ಕಾಣಿಸಿತು.

“ಅಳಿಯಂದ್ರೇ” ಎಂದರು. ಆಫೀಸಿನಲ್ಲಿ ಮೊದಲ ಸಲ. “ಒಂದೊಂದೇ ಸರಿ ಮಾಡ್ತಾ ಬರ್ತಿದ್ದೀನಿ ಅಂದಿದ್ರಿ. ನಂದು ಬಿಟ್ಟು ಇನ್ನೆಷ್ಟು ಆಗಿದೆ, ಇವರಿಗೆಲ್ಲ ಒಂದ್ಸಲ ಹೇಳ್ಬಿಡಿ.”

ಸರಾಸರಿ “ಏನು? ಏನಿದು?” ಎನ್ನುತ್ತಿದ್ದ. ಯಾವುದೋ ಮೇಜಿನಲ್ಲಿ ಫೋನು ಮೊಳಗಿತು. ಒಬ್ಬರೂ ಅಲುಗಾಡಲಿಲ್ಲ. ಅತ್ತೆ ನನ್ನ ಉತ್ತರಕ್ಕೆ ಇನ್ನೊಂದು ಗಳಿಗೆ ಕಾದರು, ಕೊನೆಗೆ “ಅಲ್ಲಿ ಯಾರೋ ಸಿಕ್ಕಾಕ್ಕೊಂಡಿದ್ದಾರೆ” ಎಂದು ಆ ಮೇಜಿಗೆ ಹೋಗಿ ಫೋನೆತ್ತಿದರು.

ಅವರ ಮುಖ ಆ ಕಡೆ ತಿರುಗಿದ ಮೇಲೆ ನನಗೆ ಮಾತು ಬಂತು. ಡಿಸ್ಕು ತಡೆಯುವುದಿಲ್ಲ ಎಂದೆ. ಪರೀಕ್ಷೆ ಮಾಡಿದ್ದು ಐದೇ ಮೇಜಿಗೆ ಎಂದೆ. ಎಂಟೂವರೆಗೇ ಬಂದು ಕೂತವರೂ ತಡವೆಂದು ದಾಖಲಾಗಿದ್ದಾರೆ, ಅತ್ತೆಯದನ್ನು ನಾನೇ ಗುಟ್ಟಾಗಿ ಬೇರೆ ಕಡೆ ಇಟ್ಟೆ, ಅವರಿಗೆ ಅದರ ತಲೆಬುಡ ಗೊತ್ತಿಲ್ಲ ಎಂದೆ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ, ಗೋಡೆಯ ಮೇಲಿನ ಬೆಂಕಿ ಆರಿಸುವ ಕೆಂಪು ಡಬ್ಬಿಯನ್ನು ನೋಡುತ್ತಾ ಹೇಳಿದೆ. ಮುಗಿದಾಗ ಹಿಂದಿನಿಂದ ಯಾರೋ “ಥೂ” ಎಂದರು. ಅದು ಸರಾಸರಿಗೆ ಅಂದದ್ದು ಎಂದು ಎರಡು ದಿನ ನಂಬಿಕೊಂಡಿದ್ದೆ.

ಆ ಮಧ್ಯಾಹ್ನವೇ ಹಲ್ಲು ಬಂದ. ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. “ಹೊಸ ತಲೆಮಾರಿನದು ಬಂದಿದೆ ಸಾರ್” ಎಂದು ಅದೇ ಬೆರಕೆ ಪೆಟ್ಟಿಗೆಯನ್ನು, ನಾನು ಮೊದಲ ದಿನ ಕೇಳಿದ್ದದ್ದನ್ನೇ, ಇನ್ನೂ ಹೆಚ್ಚಿನ ಬೆಲೆಗೆ ಮುಂದಿಟ್ಟ. ಸರಾಸರಿ ತಾನೇ ಕಂಡುಹಿಡಿದ ಹಾಗೆ ತಲೆದೂಗಿದ. ಹಾಜರಿಯ ಪಟ್ಟಿ ನಂಬುವ ಹಾಗಿಲ್ಲವೆಂದ ಮೇಲೆ ಹನ್ನೆರಡು ಜನರನ್ನು ತೆಗೆಯುವಂತೆಯೂ ಇಲ್ಲ. ಅವರೆಲ್ಲ ಉಳಿದರು. ಪಕ್ಕದ ಮೇಜಿನವಳೂ ಉಳಿದಳು.

“ಆದ್ರೆ ದಾಖಲೆ ತಿದ್ದಿರೋದು ಒಬ್ಬರದ್ದೇ” ಎಂದ ಸರಾಸರಿ. “ಲಿಫ್ಟಮ್ಮನ್ನ ಇಟ್ಕೊಳ್ಳೋಕಾಗಲ್ಲ.”

“ಅವರಿಗೆ ಗೊತ್ತೇ ಇರಲಿಲ್ಲ ಸಾರ್. ತಪ್ಪು ನಂದು.”

“ಗೊತ್ತಿತ್ತೋ ಇಲ್ವೋ, ಲಾಭ ಆಗಿದ್ದು ಅವರಿಗೆ ತಾನೇ?”

“ಹಾಗಾದ್ರೆ ನನ್ನ ತೆಗೀರಿ.”

ಅವನು ನಿಜವಾಗಿಯೂ ಆಶ್ಚರ್ಯಪಟ್ಟ. “ನಿಮ್ಮನ್ನ ಕಳಿಸಿದ್ರೆ ಹೊಸ ಪೆಟ್ಟಿಗೆ ಯಾರ್ರೀ ಕೂರಿಸ್ತಾರೆ?”

ನನಗೆ ಸಿಕ್ಕಿದ್ದು ಒಂದು ಎಚ್ಚರಿಕೆ ಪತ್ರ. ಓದಿದೆ, ತಲುಪಿತು ಎಂದು ಕೆಳಗೆ ಸಹಿ ಹಾಕಬೇಕಿತ್ತು. ಅವನು ಪೆನ್ನು ಕೊಟ್ಟ, ಹಾಕಿದೆ. ಎದ್ದು ಬರುವಾಗ ಹೊಸ ಪೆಟ್ಟಿಗೆಗೆ ಎಷ್ಟು ಜಾಗ ಬೇಕಾದೀತು ಎಂದು ಕೇಳಿದ. ಅದಕ್ಕೂ ಉತ್ತರ ಕೊಟ್ಟೇ ಬಂದೆ.

ಸಂಜೆ ಅತ್ತೆಯ ಮನೆಗೆ ಹೋದೆ. ಹೆಂಡತಿ ನನಗಿಂತ ಮುಂಚೆ ಹೋಗಿ ಒಳಕೋಣೆಯಲ್ಲಿ ಕೂತಿದ್ದಳು, ಹೊರಗೆ ಬರಲಿಲ್ಲ. ಮಾವನವರು ಕಿಟಕಿಯ ಬಳಿ ಕೂತು, ಬಟ್ಟೆಯ ತುಂಡೊಂದನ್ನು ಸುಮ್ಮನೆ ಬೆರಳಲ್ಲಿ ತಡವುತ್ತಿದ್ದರು. “ಬಂದ್ರಾ, ಕೂತ್ಕೊಳ್ಳಿ” ಎಂದರು. ಅತ್ತೆ ಎರಡು ಲೋಟ ಟೀ ತಂದು ಒಂದನ್ನು ಮಾವನ ಕೈಗೆ ಹಿಡಿಸಿ, ಇನ್ನೊಂದನ್ನು ನನ್ನ ಮುಂದೆ ಇಟ್ಟರು.

“ಅತ್ತೆ, ನಾನು ಆ ಕೆಲಸ ಬಿಟ್ಟುಬಿಡ್ತೀನಿ” ಎಂದೆ. ದಾರಿಯುದ್ದಕ್ಕೂ ಆ ವಾಕ್ಯವನ್ನೇ ಹೇಳಿಕೊಂಡು ಬಂದಿದ್ದೆ.

ಅವರು ಸ್ಟೂಲು ಎಳೆದುಕೊಂಡು ನನ್ನೆದುರು ಕೂತರು. ಕೋಪವಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರೊಡನೆ ಮಾತಾಡುವ ಅದೇ ಮೆತ್ತನೆಯ ದನಿ.

“ಬಿಡೋ ಹಾಗಿದ್ರೆ ಅಲ್ಲೇ ಬಿಟ್ಟು ಬರ್ತಿದ್ರಿ. ಇಲ್ಲಿಗೆ ಬಂದು ಹೇಳ್ತಾ ಇದ್ದೀರಿ ಅಂದ್ರೆ, ಬೇಡ ಅಂತ ನನ್ನ ಬಾಯಲ್ಲಿ ಅನ್ನಿಸ್ಕೊಂಡು ಹೋಗೋಕೆ ಬಂದಿದ್ದೀರಿ. ಬೇಡ, ಬಿಡ್ಬೇಡಿ. ನನ್ನ ಮಗಳ ಮನೆ ನಡೀಬೇಕು. ಆಯ್ತಾ? ಟೀ ಆರ್ತಾ ಇದೆ, ಕುಡೀರಿ.”

ನನಗೆ ನೆಮ್ಮದಿಯಾಯಿತು. ಆ ಕ್ಷಣಕ್ಕೆ ಬೇರೆ ಏನೂ ಆಗಲಿಲ್ಲ, ಬರೀ ನೆಮ್ಮದಿ. ಸರಾಸರಿಗೂ ಹಲ್ಲಿಗೂ ಇಷ್ಟು ಹೊತ್ತು ಬೈದವನು ನಾನು, ಲೋಟ ಎತ್ತಿಕೊಂಡು ಅವರೆದುರೇ ಪೂರ್ತಿ ಕುಡಿದೆ.